ಕಡಲಾಳ

ಎರಡು ಸ್ಕ್ರೂ. ಒಂದು ಎಡಬಲಕ್ಕೆ, ಇನ್ನೊಂದು ಮೇಲೆಕೆಳಗೆ.
ಹಾರುವುದನ್ನು ಹಿಡಿಯುವ ಮೊದಲು
ಅಲುಗದ ಒಂದನ್ನು ಹಿಡಿಯಬೇಕು, ಅದೂ ದೂರದ್ದು.
ಶಿರಿಯ ಹೊಳೆಯಾಚೆಯ ಮೊಬೈಲ್ ಟವರಿನ ತುದಿದೀಪವನ್ನು
ಕ್ಯಾಮರಾದ ನಟ್ಟನಡುವೆ ನಿಲ್ಲಿಸಿ
ಮೇಲಿನ ಪುಟ್ಟ ಗಾಜಿನಲ್ಲಿ ತೇಲುವ ಕೆಂಪು ಚುಕ್ಕಿಯನ್ನು
ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು
ಸರಿಸಿ ಸರಿಸಿ
ದೀಪದ ಮೇಲೆ ಕೂರಿಸಿದೆ.

ಕಡವಿನಲ್ಲಿ ದೋಣಿ ಹಿಡಿದು ಕಾಯುತ್ತಿದ್ದ ಅಂದುಞಿಕ್ಕ ಕೇಳಿದರು:
"ವೆಡಿ ಬೆಕ್ಕುವೊ?"
ಗುಂಡಿಲ್ಲ ಅಂದೆ.
ಮತ್ತೆ ಕೋವಿಯ ಕಣ್ಣು ಯಾಕೆ ಕಿತ್ತು ತಂದದ್ದು ಎಂದು ನಕ್ಕರು.
ಹೌದು, ಇದರ ತವರು ಕೋವಿಯ ಮನೆ.
ನಮ್ಮಲ್ಲಿಗೆ ಬಂದ ಮೇಲೆ
ಮಾಂಸ ಬಿಟ್ಟಿದೆ.

ಮೊದಲೆಲ್ಲ ಒಂದು ಕಣ್ಣು ಮುಚ್ಚಿ
ಕಿಂಡಿಗೆ ಮುಖ ತುರುಕಿ ಬರೀ ನೀಲಿ ಹುಡುಕುತ್ತಿದ್ದೆ.
ಉದ್ದ ಲೆನ್ಸಿಗೆ ಆಕಾಶವೆಂದರೆ ಅಂಗೈ ಅಗಲ.
ಹಕ್ಕಿ ಬಲಕ್ಕೆ ಹೋದರೆ ನಾನು ಎಡಕ್ಕೆ.
ಸಿಕ್ಕಿದ್ದು ರೆಕ್ಕೆಯ ತುದಿ, ಅರ್ಧ ಬಾಲ,
ಒಮ್ಮೆ ಸೇತುವೆ ದಾಟುತ್ತಿದ್ದ ಮಂಗಳೂರು ಗಾಡಿಯ ಒಂದೇ ಒಂದು ಕಿಟಕಿ.
ಅದರಲ್ಲೊಬ್ಬ ಹಲ್ಲುಜ್ಜುತ್ತಿದ್ದ,
ತುಂಬ ಸ್ಪಷ್ಟವಾಗಿ.

ಈಗ ಎರಡೂ ಕಣ್ಣು ತೆರೆದಿರಬೇಕು.
ಅದೇ ಕಷ್ಟ. ನನ್ನ ಎಡಗಣ್ಣು ಸೋಮಾರಿ.
ಮೂರನೇ ಕ್ಲಾಸಿನಲ್ಲಿ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ
ಸೋಮಾರಿಯನ್ನು ದುಡಿಸಲು ನೋಡಿದರು.
ಆ ವರ್ಷವಿಡೀ ಕರಿಹಲಗೆಯ ಮೇಲೆ
ಕನ್ನಡವೂ ಮಲಯಾಳವೂ ಒಂದೇ ಮಂಜು.
ಈಗ ಕುಂಬಳೆ ಪೇಟೆಯಲ್ಲಿ ಊರವರ ಕಣ್ಣು ಅಳೆಯುತ್ತೇನೆ,
ಯಾವುದು ಚೆನ್ನಾಗಿ ಕಾಣುತ್ತದೆ, ಇದೋ, ಇದೋ ಎಂದು
ಗಾಜು ಬದಲಿಸುತ್ತ.
ನನ್ನ ಎಡಗಣ್ಣನ್ನು ಯಾರೂ ಏನೂ ಕೇಳಿರಲಿಲ್ಲ
ಈ ಡಿಸೆಂಬರಿನ ತನಕ.

ಬಲಗಣ್ಣು ಚುಕ್ಕಿ ನೋಡುತ್ತದೆ.
ಉಳಿದದ್ದೆಲ್ಲ ಎಡದ್ದರ ಪಾಲು:
ಹೊಳೆನೀರು ಉಪ್ಪುನೀರಿಗೆ ತಾಗಿ ಬಣ್ಣ ಕೆಡುವ ಗೆರೆ,
ಮರುವಾಯಿ ಹೆಕ್ಕುವ ಹೆಂಗಸರ ಬಗ್ಗಿದ ಬೆನ್ನು,
ಮತ್ತೆ ಮೂಲೆಯಲ್ಲಿ, ಮಸುಕಾಗಿ,
ಬರುತ್ತಿರುವ ಏನೋ ಬಿಳಿ.

"ಆಳ," ಅಂದರು ಅಂದುಞಿಕ್ಕ.
ನಾನು ನೀರು ನೋಡಿದೆ. ಎಷ್ಟು ಆಳ ಅಂದೆ.
"ಆಳ, ಆಳ! ಕಡಲಾಳ!"
ಅವರ ಬೆರಳು ಮೇಲಿತ್ತು.

ಅವರ ಮಾತಿನಲ್ಲಿ ಅದು ಹಕ್ಕಿಯ ಹೆಸರು.
ನಮ್ಮಲ್ಲಿ ರೀವ, ಅದೂ ಪುಸ್ತಕ ಓದಿದವರಿಗೆ.
ಇಷ್ಟು ವರ್ಷ ಈ ಅಳಿವೆಯಲ್ಲಿ
ಅವರೆಲ್ಲ ಆಕಾಶ ತೋರಿಸಿದಾಗ
ನಾನು ಕೆಳಗೆ ಬಗ್ಗಿ ನೋಡಿದ್ದು ಎಷ್ಟು ಸಲವೋ.

ಬಂತು. ಹಳದಿ ಕೊಕ್ಕು, ನಿದ್ದೆಯಿಂದ ಎದ್ದವರ ಹಾಗೆ ಕೆದರಿದ ಕಪ್ಪು ಜುಟ್ಟು.
ಚುಕ್ಕಿಯನ್ನು ಎದೆಯ ಮೇಲಿಟ್ಟೆ.
ಇಟ್ಟೆ ಅನ್ನುವುದು ಮಾತಿಗೆ,
ಗಾಜಿನಾಚೆ ಆ ಕೆಂಪು ಇಲ್ಲವೇ ಇಲ್ಲ,
ಹಕ್ಕಿಗೆ ಅದರ ಸುದ್ದಿಯೂ ಇಲ್ಲ.
ಅದು ವಾಲಿತು, ವಾಲಿದೆ.
ಏರಿತು, ದೋಣಿ ಇಳಿಯಿತು, ಚುಕ್ಕಿ ಬಿಡಲಿಲ್ಲ.
ಕ್ಯಾಮರಾ ಕಟಕಟ ಹಲ್ಲು ಕಡಿಯುತ್ತಲೇ ಇತ್ತು
ಅದು ರೆಕ್ಕೆ ಮಡಚಿ
ಕಲ್ಲಿನಂತೆ ಬೀಳುವಾಗಲೂ.

ಸಂಜೆ ಅಂಗಡಿಯ ಕಂಪ್ಯೂಟರಿನಲ್ಲಿ ಸಾವಿರದ ಚಿಲ್ಲರೆ ಚಿತ್ರ.
ಯಾವುದರಲ್ಲೂ ಚುಕ್ಕಿ ಇಲ್ಲ.
ದೂರಕ್ಕೆ ಹೊಂದಿಸಿದ್ದು ಹತ್ತಿರಕ್ಕೆ ಸುಳ್ಳು ಹೇಳುತ್ತದೆ:
ದೋಣಿಗೆ ಒರಸಿಕೊಂಡೇ ಹೋದ ಹಕ್ಕಿಯ
ಎರಡು ಕಪ್ಪು ಕಾಲು ಮಾತ್ರ ಬಂದಿವೆ.

ಓದುವ ಕನ್ನಡಕಕ್ಕೆ ಬಂದಿದ್ದ ಅಂದುಞಿಕ್ಕ
ಹೊಸ ಗಾಜಿನಲ್ಲಿ ಎಲ್ಲವನ್ನೂ ನೋಡಿ
ಅಳಿಸಲೆಂದು ಇಟ್ಟದ್ದನ್ನೇ ಆರಿಸಿದರು,
ಹಕ್ಕಿ ಮುಳುಗಿದ ಮೇಲಿನದು. ಬರೀ ನೀರಿನ ಉಂಗುರ.
ಇದರಲ್ಲಿ ಏನಿದೆ ಅಂದೆ.
"ಆಳ," ಅಂದರು.

ಯಾವುದು ಎಂದು ಕೇಳಲಿಲ್ಲ.
ಪ್ರಿಂಟು ತೆಗೆದುಕೊಟ್ಟೆ, ಕನ್ನಡಕದ ಲೆಕ್ಕಕ್ಕೆ ಸೇರಿಸಲಿಲ್ಲ.
ನಾಳೆ ಟವರಿನ ದೀಪ ಹಿಡಿದು ಮತ್ತೆ ಹೊಂದಿಸಬೇಕು,
ದೋಣಿಯಲ್ಲಿ ಸ್ಕ್ರೂ ಸಡಿಲಾಗುತ್ತದೆ.